ಮೊದಲ ಗುಂಪು ಅಂದರೆ ಊಟದ ಹೊತ್ತು

ಫಿಗರ್ ಸ್ಕೇಟಿಂಗ್ ನೋಡಲು ಪರವೂರಿಗೆ ಹೊರಟವರು ಮೊದಲು ಕುರೊತಾಕಿ ಟೀಚರ್ ಮಾತು ಕೇಳಬೇಕು. ನಮ್ಮ ಹಾಚಿನೊಹೆಯಲ್ಲಿ ಇದು ಯಾರೂ ಬರೆದಿಡದ ಕಾನೂನು. ಶಾಲೆಯಿಂದ ನಿವೃತ್ತರಾಗಿ ವರ್ಷಗಳೇ ಆದರೂ ಅವರಿನ್ನೂ ಎಲ್ಲರಿಗೂ ಟೀಚರ್. ನಾವು ಆರು ಜನ ಹೆಂಗಸರು ಅವರ ಹಿಂದೆ ಸಾಲು ಹಿಡಿದು ಊರೂರು ಸುತ್ತುತ್ತೇವೆ.

ಅವರ ಸಲಹೆಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಕೋಪ ಬಂದಿದೆ ಅಂತ ಸುಳ್ಳು ಹೇಳಬಾರದು. ಹೊರಗೆ ಎಷ್ಟೇ ಬಿಸಿಲಿರಲಿ, ಐಸ್ ಇರುವ ಕಡೆ ಮೂರು ಗಂಟೆ ಕೂತರೆ ಸೊಂಟ ಹಿಡಿದುಕೊಳ್ಳುತ್ತದೆ, ಅದಕ್ಕೆ ಶಾಖದ ಪಟ್ಟಿ ಬೆನ್ನ ಕೆಳಗೆ ಅಂಟಿಸಿಕೊಳ್ಳಿ ಅಂದವರು ಅವರೇ. ಸಿಮೆಂಟು ಮೆಟ್ಟಿಲ ಮೇಲಿನ ಬೆಂಚಿಗೆ ದಪ್ಪ ದಿಂಬು ಬೇಕು, ಕಾಗದ ಸದ್ದು ಮಾಡುವ ಮಿಠಾಯಿ ಬೇಡ, ಟೀ ಕಡಿಮೆ ಕುಡಿಯಿರಿ, ಹೆಂಗಸರ ಶೌಚಾಲಯದ ಸಾಲು ಯಾವಾಗಲೂ ಹನುಮಂತನ ಬಾಲ. ಬಿಸಿನೀರಿನ ಬುಗ್ಗೆ ಇರುವ ಊರಾದರೆ ಅಲ್ಲಿಯ ಛತ್ರದಲ್ಲೇ ಉಳಿಯಿರಿ, ರಾತ್ರಿ ಮೈ ಕರಗುತ್ತದೆ. ಇದೆಲ್ಲ ಸರಿ. ನಾನೂ ಪಾಲಿಸಿದ್ದೇನೆ, ನನ್ನ ಸೊಂಟ ಅವರಿಗೆ ಋಣಿ.

ಮೈ ಉರಿಯುವುದು ಒಂದೇ ಒಂದು ಸಲಹೆಗೆ. ಎರಡನೇ ದಿನದ ದೊಡ್ಡ ಸುತ್ತಿನ ಬಗ್ಗೆ ಅವರು ಹೇಳುವುದು ಇದು: "ಬಾಗಿಲು ತೆಗೆದ ಕೂಡ್ಲೆ ಒಳಗೆ ಹೋಗಿ, ಮುಂದಿನ ಸಾಲಲ್ಲಿ ಕಂಬಳಿ ಹಾಸಿ ಜಾಗ ಹಿಡೀರಿ. ಆಮೇಲೆ ಆರಾಮಾಗಿ ಹೊರಗೆ ಹೋಗಿ. ಮೊದಲ ಗುಂಪು ಅಂದ್ರೆ ಊಟದ ಹೊತ್ತು."

ದೊಡ್ಡ ಸುತ್ತಿನಲ್ಲಿ ಹಿಂದಿನ ದಿನ ಕಡೆಯ ಸ್ಥಾನಗಳಲ್ಲಿ ಉಳಿದವರು ಮೊದಲು ಆಡುತ್ತಾರೆ, ಮೇಲಿದ್ದವರು ಕೊನೆಗೆ. ಆದ್ದರಿಂದ ಮೊದಲ ಗುಂಪಿನಲ್ಲಿ ಬರುವವರು ಯಾರೂ ಪದಕ ಗೆಲ್ಲುವುದಿಲ್ಲ. ಯಾರ ಹೆಸರೂ ಪತ್ರಿಕೆಯಲ್ಲಿ ಬರುವುದಿಲ್ಲ. ಅವರು ಆಡುವಾಗ ಊರಿಗೆ ಊರೇ ಸೋಬಾ ಅಂಗಡಿಯಲ್ಲಿ ಕೂತು ಬಿಸಿ ಶಾವಿಗೆಯನ್ನು ಸುರ್ ಸುರ್ ಎಂದು ಎಳೆಯುತ್ತಿರುತ್ತದೆ. ಒಳಗೆ ತೊಡೆ ಮೇಲೆ ಹಾಕಿಕೊಳ್ಳುವ ಪುಟ್ಟ ಕಂಬಳಿಗಳು ಸಾಲಾಗಿ ಕೂತು ಪಂದ್ಯ ನೋಡುತ್ತವೆ.

ನಮ್ಮ ತೊಕಿಯ ಆಡುವುದು ಯಾವಾಗಲೂ ಮೊದಲ ಗುಂಪಿನಲ್ಲಿ.

ಹಾಶಿಬಾ ತೊಕಿಯ ನನಗೆ ಸಂಬಂಧಿಯಲ್ಲ. ನನ್ನದು ಸ್ಕೇಟಿಂಗ್ ರಿಂಕ್ ಹತ್ತಿರ ಸೆಂಬೆ ಅಂಗಡಿ, ಗೋಧಿ ಹಿಟ್ಟಿನ ಗರಿಗರಿ ಬಿಲ್ಲೆ ಮಾರುತ್ತೇನೆ. ಅಚ್ಚಿನಲ್ಲಿ ಸುಡುವಾಗ ಸೆಂಬೆಯ ಸುತ್ತ ಹೊರಚೆಲ್ಲುವ ತೆಳು ಅಂಚನ್ನು ನಾವು ಕಿವಿ ಅನ್ನುತ್ತೇವೆ. ಅದನ್ನು ಮುರಿದು ಬೇರೆ ಚೀಲ ಕಟ್ಟಿ ಮಾರುತ್ತೇವೆ. ಬೆಳಗಿನ ಅಭ್ಯಾಸ ಮುಗಿಸಿ ಶಾಲೆಗೆ ಓಡುವಾಗ ಆ ಹುಡುಗ ಬಾಗಿಲಲ್ಲಿ ನಿಂತು, "ಚಿಕ್ಕಮ್ಮ, ಕಿವಿ ಇದೆಯಾ," ಅಂತ ಕೇಳುತ್ತಿದ್ದ. ಹಾಗೆ ಶುರುವಾದದ್ದು. ಅವನಿಗೆ ಅಪ್ಪ ಅಮ್ಮ ಇಲ್ಲ. ಅಜ್ಜಿ ತ್ಸುಯಾ ಬಂದರಿನ ಮಾರುಕಟ್ಟೆಯಲ್ಲಿ ಮೀನು ಮಾರಿ ಸಾಕಿದಳು, ಸ್ಕೇಟೂ ಕೊಡಿಸಿದಳು.

ನಸುಕಿಗೆ ಶುರುವಾಗುವ ಮಾರುಕಟ್ಟೆ ಬಿಟ್ಟು ತ್ಸುಯಾ ಅಜ್ಜಿ ಎಲ್ಲಿಗೂ ಹೋದವಳಲ್ಲ. ಮೊಮ್ಮಗನ ಒಂದು ಪಂದ್ಯವನ್ನೂ ಕಂಡಿರಲಿಲ್ಲ. ಆದರೆ ಪ್ರತಿ ಪಂದ್ಯ ಮುಗಿದ ಮೇಲೆ ಅವನು ಫೋನು ಮಾಡಬೇಕು, ಮಾಡಿದಾಗ ಅವಳು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಅಂಕ ಬಂತು, ಎಷ್ಟನೆಯವನಾದೆ, ಅದೆಲ್ಲ ಅವಳಿಗೆ ಬೇಡ.

"ಜನ ಬಂದಿದ್ರೇನಪ್ಪ?"

ಮೀನು ಮಾರುವವಳಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಜನ ಬಂದರೆ ಒಳ್ಳೆಯ ದಿನ, ಬರದಿದ್ದರೆ ಕೆಟ್ಟ ದಿನ. ತೊಕಿಯನೂ ಒಂದೇ ಉತ್ತರ ಹೇಳುತ್ತಿದ್ದ. "ತುಂಬಿತ್ತು ಅಜ್ಜಿ. ಕಾಲಿಡೋಕೆ ಜಾಗ ಇರ್ಲಿಲ್ಲ."

ಈ ವರ್ಷ ಅವನ ಕೊನೆಯ ವರ್ಷ. ಸೆಂದಾಯ್‌ನಲ್ಲಿ ಓದು ಮುಗಿಯುತ್ತದೆ, ಏಪ್ರಿಲ್‌ನಿಂದ ಕೊಳಾಯಿ ಸಾಮಾನಿನ ಕಂಪನಿಯಲ್ಲಿ ಕೆಲಸ. ನವೆಂಬರ್‌ನಲ್ಲಿ ಬಂದಾಯ್-ಅತಾಮಿಯಲ್ಲಿ ನಡೆಯುವ ಪೂರ್ವ ಭಾಗದ ಪಂದ್ಯದಲ್ಲಿ ಮೇಲೆ ಬಂದವರು ಮಾತ್ರ ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಅವನು ಹೋಗುವುದಿಲ್ಲ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಅಲ್ಲಿಗೆ ಮುಗಿಯಿತು. ಅದನ್ನು ಕೇಳಿದ ತ್ಸುಯಾ ಅಜ್ಜಿ ಏಪ್ರನ್ ಬಿಚ್ಚುತ್ತ, "ಒಂದು ಸಲನಾದ್ರೂ ನೋಡ್ಬೇಕು ಕಣವ್ವ, ಕರ್ಕೊಂಡೋಗು," ಅಂದಳು.

ಅಂದು ಸಂಜೆಯೇ ತೊಕಿಯನ ಫೋನು.

"ಅಜ್ಜೀನ ಕರ್ಕೊಂಡು ಬರ್ಬೇಡಿ ಚಿಕ್ಕಮ್ಮ."

"ಯಾಕೋ? ಬಿದ್ದುಬಿಡ್ತೀಯ ಅಂತ ಭಯಾನಾ?"

"ಬೀಳೋದು ಬೀಳ್ತೀನಿ, ಅದಲ್ಲ. ನಿಮಗೆ ಗೊತ್ತಲ್ಲ, ಅಲ್ಲಿ ಯಾರೂ ಇರಲ್ಲ. ಕಂಬಳಿಗಳ ಮುಂದೆ ಆಡ್ತೀನಿ ನಾನು. ಅಜ್ಜಿ ಅದನ್ನ ನೋಡ್ಬಿಟ್ರೆ? ಇಷ್ಟು ವರ್ಷ ತುಂಬಿತ್ತು, ತುಂಬಿತ್ತು ಅಂತ ಹೇಳ್ಕೊಂಡು ಬಂದಿದೀನಿ."

 ಅವನನ್ನು ಗದರಿಸಿದೆ. "ನೀನು ಸುಮ್ನೆ ಕಾಲು ಗಟ್ಟಿಯಾಗಿ ಊರಿ ಆಡು. ಜನ ತುಂಬ್ಸೋದು ನನ್ನ ಕೆಲಸ."

ಮರುದಿನ ಟೀಚರ್ ಮನೆಗೆ ಹೋಗಿ ವಿಷಯವನ್ನೆಲ್ಲ ಬಿಡಿಸಿ ಹೇಳಿದೆ. ಇದೊಂದು ಸಲ ನಾವೆಲ್ಲ ಮೊದಲ ಗುಂಪಿಗೂ ಕೂರೋಣ. ಮುಂದಿನ ಸಾಲಿನಲ್ಲಿ ಅಜ್ಜಿಗೆ ಜಾಗ ಬೇಕು, ಅವಳ ಕಣ್ಣಿಗೆ ಪೊರೆ ಬಂದಿದೆ, ದೂರದ್ದು ಕಾಣುವುದಿಲ್ಲ, ಮಂಡಿ ನೋವಿಗೆ ಮೆಟ್ಟಿಲು ಹತ್ತಲಾರಳು. ಟೀಚರ್ ಕಣ್ಣು ಒದ್ದೆ ಮಾಡಿಕೊಂಡು ನನ್ನ ಕೈ ಹಿಡಿದರು.

"ಅಯ್ಯೋ, ಅದಕ್ಕೇನಂತೆ ತೊಯೊಮಿ. ನಮ್ಮೂರ ಹುಡುಗ ಅಲ್ವಾ. ನಾನಿದೀನಿ."

ಆ ಕಣ್ಣೀರನ್ನು ನಾನು ನಂಬಿದೆ.

ಶನಿವಾರ ಮಾರುಕಟ್ಟೆ ಮುಗಿಸಿದ ಮೇಲೆಯೇ ಹೊರಡುವುದು ಎಂದು ಅಜ್ಜಿ ಹಟ ಹಿಡಿದಳು. ಹಾಗಾಗಿ ಮೊದಲ ದಿನದ ಚಿಕ್ಕ ಸುತ್ತು ತಪ್ಪಿತು. ಮಧ್ಯಾಹ್ನ ಎಲ್ಲರೂ ರೈಲು ಹತ್ತಿದೆವು. ಅಜ್ಜಿಯ ಕಾಲಲ್ಲಿ ಮಾರುಕಟ್ಟೆಯ ರಬ್ಬರ್ ಬೂಟು, ಕೈಯಲ್ಲಿ ಒಣಗಿಸಿದ ಬೊಂಡಾಸು ಮೀನಿನ ಪೊಟ್ಟಣ. ಸೆಂದಾಯ್‌ನಲ್ಲಿ ಬದಲಿಸಿ ಕೊರಿಯಾಮ, ಅಲ್ಲಿಂದ ಚಿಕ್ಕ ರೈಲು. ದಾರಿಯುದ್ದಕ್ಕೂ ಟೀಚರ್ ಅಜ್ಜಿಗೆ ಪಾಠ ಮಾಡಿದರು.

"ಆಟ ನಡೀವಾಗ ಎದ್ದು ಓಡಾಡಬಾರದು ಅಜ್ಜಿ. ಫೋಟೋ ತೆಗೀಬಾರದು. ಅವನು ಬಿದ್ರೆ ಅಯ್ಯೋ ಅನ್ನಬಾರದು, ಚಪ್ಪಾಳೆ ತಟ್ಟಬೇಕು."

"ಬಿದ್ರೆ ಚಪ್ಪಾಳೆನಾ?" ಅಜ್ಜಿಗೆ ಇದು ಹಿಡಿಸಲಿಲ್ಲ.

"ಧೈರ್ಯ ಹೇಳೋಕೆ. ಇನ್ನೊಂದು ವಿಷಯ. ಸಂಗೀತ ಶುರುವಾಗೋ ಮುಂಚೆ ಕೆಲವರು ಹೆಸರು ಹಿಡಿದು ಕೂಗ್ತಾರೆ. ಅದಕ್ಕೆ ಹೊತ್ತು ಗೊತ್ತಿರಬೇಕು, ಅಭ್ಯಾಸ ಇರಬೇಕು. ನೀವು ಕೂಗೋಕೆ ಹೋಗಬೇಡಿ."

"ಹುಟ್ಟಿದಾಗಿಂದ ಕೂಗ್ತಾನೇ ಇವ್ನಿ ಕಣವ್ವ."

"ಮೀನು ಕೂಗೋದು ಬೇರೆ, ಇದು ಬೇರೆ," ಅಂದರು ಟೀಚರ್, ನಗುತ್ತಲೇ. ಉಳಿದ ಹೆಂಗಸರೂ ನಕ್ಕರು. ಅಜ್ಜಿ ಬೊಂಡಾಸಿನ ಒಂದು ಎಳೆ ಹರಿದು ಬಾಯಿಗೆ ಹಾಕಿಕೊಂಡು ಕಿಟಕಿ ನೋಡಿದಳು.

ಛತ್ರ ಸೇರುವ ಹೊತ್ತಿಗೆ ಮೊದಲ ದಿನದ ಫಲಿತಾಂಶ ಬಂದಿತ್ತು. ತೊಕಿಯ ಕಡೆಯಿಂದ ಎರಡನೆಯವನು. ಗುಂಪಿನೊಳಗಿನ ಸರದಿಗೆ ಚೀಟಿ ಎತ್ತಿದಾಗ ನಾಳೆ ಎಲ್ಲರಿಗಿಂತ ಮೊದಲು ಆಡುವ ಪಾಳಿ ಅವನಿಗೇ ಬಂದಿತ್ತು. ಟೀಚರ್ ಮತ್ತು ಗುಂಪು ಪ್ರಾಣ ಬಿಡುವ ಒಬ್ಬ ಚೆಲುವ ಹುಡುಗನಿದ್ದಾನೆ, ಅವನನ್ನು ರಾಜಕುಮಾರ ಎಂದೇ ಕರೆಯುತ್ತಾರೆ, ಅವನು ಮೊದಲ ಸ್ಥಾನದಲ್ಲಿದ್ದ. ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಎಲ್ಲರೂ ಅವನ ಸುದ್ದಿಯೇ ಮಾತಾಡಿದರು. ನಾನು ನೆನಪಿಸಿದೆ. "ನಾಳೆ ಮೊದಲ ಗುಂಪಿಗೇ ಕೂರೋದು, ಮರೀಬೇಡಿ."

"ಎಷ್ಟು ಸಲ ಹೇಳ್ತೀಯ ಮಾರಾಯ್ತಿ," ಅಂದರು ಟೀಚರ್. "ನಿಮ್ಮಿಬ್ಬರ ಕಂಬಳಿ ನನ್ನ ಕೈಗೆ ಕೊಟ್ಟುಬಿಡು. ಬೆಳಿಗ್ಗೆ ಬಾಗಿಲ ಹತ್ರ ಸಾಲಲ್ಲಿ ಅಜ್ಜೀನ ಚಳಿಗೆ ಯಾಕೆ ನಿಲ್ಲಿಸ್ತೀಯ? ನಾವು ಹೋಗಿ ಹಾಸಿರ್ತೀವಿ. ನೀವು ನಿಧಾನಕ್ಕೆ ಬನ್ನಿ."

ಒಳ್ಳೆಯ ಮಾತೇ ಅಲ್ಲವೇ? ಕಂಬಳಿಗಳನ್ನು ಕೊಟ್ಟೆ. ತಲೆ ಬಾಗಿಸಿ ಉಪಕಾರವಾಯಿತು ಎಂದೂ ಹೇಳಿದೆ. ಅದನ್ನು ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಎರಡು ಹಾಕಬೇಕೆನಿಸುತ್ತದೆ.

ಭಾನುವಾರ ಅಜ್ಜಿಯನ್ನು ಕೈಹಿಡಿದು ನಿಧಾನಕ್ಕೆ ಕರೆತಂದೆ. ಅವಳು ಮಾರುಕಟ್ಟೆಗೆ ಹಾಕದ ನೀಲಿ ಕೋಟು ಹಾಕಿದ್ದಳು, ತಲೆ ಒಪ್ಪವಾಗಿ ಬಾಚಿದ್ದಳು. ಒಳಗೆ ಕಾಲಿಟ್ಟಾಗ ಗುಂಪಿನ ಆಟಕ್ಕೆ ಮುಂಚಿನ ಆರು ನಿಮಿಷದ ಅಭ್ಯಾಸಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಐಸಿನ ಸುತ್ತಲಿನ ಬೆಂಚುಗಳ ಮೇಲೆ ಕಣ್ಣು ಹಾಯಿಸಿದೆ. ಕೆಳಗಿನ ಸಾಲುಗಳ ಉದ್ದಕ್ಕೂ ಕಂಬಳಿ. ಚೌಕುಳಿಯದು, ಮೊಲದ ಚಿತ್ರದ್ದು, ರಾಜಕುಮಾರನ ಬಣ್ಣ ಎಂದು ಎಲ್ಲರೂ ಕೊಂಡ ತಿಳಿನೀಲಿಯದು. ಮನುಷ್ಯರು ಒಬ್ಬರೂ ಇಲ್ಲ. ಮೇಲ್ಗಡೆ ಗೋಡೆಗೆ ಒರಗಿ ಕೆಲವು ತಾಯಂದಿರು ನಿಂತಿದ್ದರು. ಮೊದಲ ಗುಂಪಿನ ಹುಡುಗರ ತಾಯಂದಿರೇ ಇರಬೇಕು, ರಾತ್ರಿ ಬಸ್ಸಿನಲ್ಲಿ ಬಂದ ಮುಖಗಳು.

ನಮ್ಮ ಜಾಗ ಹುಡುಕಿದೆ. ಮುಂದಿನ ಸಾಲಿನ ನಡುವೆ ಟೀಚರ್ ಕಂಬಳಿ ಇತ್ತು. ಪಕ್ಕದಲ್ಲಿ ನಮ್ಮ ಗುಂಪಿನವರ ಕಂಬಳಿಗಳು. ಅವುಗಳ ಪಕ್ಕದಲ್ಲಿ ನಾನು ಎಂದೂ ಕಾಣದ ಎರಡು ಹೊಸ ಕಂಬಳಿ. ಅಜ್ಜಿಯದು ಕಂದು ಬಣ್ಣದ್ದು, ಎಷ್ಟು ಒಗೆದರೂ ಮೀನಿನ ವಾಸನೆ ಬಿಡದ್ದು. ಅದು ಎಲ್ಲಿತ್ತು ಗೊತ್ತೇ? ತುತ್ತತುದಿಯ ಸಾಲಿನಲ್ಲಿ, ಕಂಬದ ಹಿಂದೆ. ನನ್ನದೂ ಅದರ ಜೊತೆಗೇ ಬಿದ್ದಿತ್ತು.

ಫೋನು ಮಾಡಿದೆ. ಟೀಚರ್ ಬಾಯಲ್ಲಿ ತುತ್ತು ಇಟ್ಟುಕೊಂಡೇ ಎತ್ತಿದರು.

"ಹಾಂ, ತೊಯೊಮಿ. ಸೆಂದಾಯ್‌ನಿಂದ ನನ್ನ ಹಳೇ ಗೆಳತಿಯರಿಬ್ಬರು ಬಂದ್ಬಿಟ್ರು, ಪಾಪ, ರಾಜಕುಮಾರನ್ನ ಹತ್ರದಿಂದ ನೋಡೇ ಇಲ್ಲ ಅವರು. ಸ್ವಲ್ಪ ಹೊತ್ತಿನ ಮಾತು ತಾನೇ. ಮೊದಲ ಗುಂಪು ಮುಗೀಲಿ, ಹೇಗಾದ್ರೂ ಹೊಂದಿಸ್ಕೊಳ್ಳೋಣ."

"ಅಜ್ಜಿಗೆ ದೂರ ಕಾಣಲ್ಲ ಅಂತ ಹೇಳಿದ್ನಲ್ಲ ಟೀಚರ್."

"ಮೇಲಿಂದ ಇಡೀ ಐಸ್ ಒಟ್ಟಿಗೆ ಕಾಣುತ್ತೆ. ಅದೂ ಒಂಥರಾ ಚೆನ್ನಾಗಿರುತ್ತೆ."

"ಎಲ್ಲರೂ ಬಂದು ಕೂರ್ತೀನಿ ಅಂದಿದ್ರಿ."

"ಬರೋಣ ಅಂತಾನೇ ಇದ್ವಿ. ಸೋಬಾ ಅಂಗಡೀಲಿ ಈಗ ತಾನೇ ನಮ್ಮ ಸರದಿ ಬಂತು ನೋಡು, ಬಿಟ್ಟು ಬರೋಕಾಗುತ್ತಾ? ಇಲ್ಲಿ ಅಣಬೆ ಸೋಬಾ ತುಂಬಾ ಚೆನ್ನಾಗಿದೆ, ನಿಮಗೂ ಒಂದು ಕಟ್ಟಿಸ್ಕೊಂಡು ಬರ್ಲಾ?"

ಫೋನು ಇಟ್ಟೆ.

ತೋಳಿಗೆ ಸಿಬ್ಬಂದಿಯ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ನಡುವಯಸ್ಸಿನ ಮನುಷ್ಯ ಬಂದು ನಯವಾಗಿ ಬಾಗಿದ. "ನಡೆಯೋ ದಾರೀಲಿ ನಿಲ್ಲೋ ಹಾಗಿಲ್ಲಮ್ಮ. ದಯವಿಟ್ಟು ಜಾಗದಲ್ಲಿ ಕೂತ್ಕೊಳ್ಳಿ."

"ಎಲ್ಲಿ ಕೂರೋಣ? ನೀವೇ ತೋರಿಸಿ."

"ಸಾಮಾನು ಇರೋ ಜಾಗ ಹಿಡಿದಾಗಿದೆ. ಮೇಲೆ ಒಂದೆರಡು ಖಾಲಿ ಇರಬೇಕು."

ಅವನ ತಲೆಯ ಮೇಲೆ, ಗೋಡೆಗೆ, ದೊಡ್ಡ ಅಕ್ಷರದ ಫಲಕ ಇತ್ತು: ಸಾಮಾನು ಇಟ್ಟು ಜಾಗ ಹಿಡಿಯಬಾರದು. ಆ ಫಲಕದ ಕೆಳಗೆ ನಿಂತು ಅವನು ನನಗೆ ಈ ಮಾತು ಹೇಳುತ್ತಿದ್ದ. ನಮ್ಮ ಜನ ಹೀಗೆ. ಬರೆದದ್ದನ್ನು ಓದಿ ತಲೆಯಾಡಿಸುತ್ತಾರೆ, ಬರೆಯದೆ ಇರುವುದನ್ನು ಜೀವ ಹೋದರೂ ಪಾಲಿಸುತ್ತಾರೆ. ಬೇರೆಯವರ ಕಂಬಳಿ ಮುಟ್ಟುವುದೆಂದರೆ ಬೇರೆಯವರ ಮನೆಗೆ ಚಪ್ಪಲಿ ಹಾಕಿಕೊಂಡು ನುಗ್ಗಿದ ಹಾಗೆ. ನಾನು ಕೂಡ ಇಷ್ಟು ವರ್ಷದಲ್ಲಿ ಒಂದನ್ನೂ ಮುಟ್ಟಿದವಳಲ್ಲ.

ಅಜ್ಜಿ ಮೆಟ್ಟಿಲನ್ನೊಮ್ಮೆ ನೋಡಿದಳು. ಹಿಡಿದುಕೊಳ್ಳಲು ಕಂಬಿ ಇರಲಿಲ್ಲ. "ಬುಡವ್ವ, ಇಲ್ಲೇ ಗೋಡೆ ಮಗ್ಗುಲಾಗೆ ನಿಂತ್ಕತೀನಿ. ನಿಲ್ಲೋದೇನು ನಂಗೆ ಹೊಸದಾ."

ಅಷ್ಟರಲ್ಲಿ ಅಭ್ಯಾಸಕ್ಕೆ ಹುಡುಗರು ಐಸಿಗೆ ಇಳಿದರು. ತೊಕಿಯ ಹಸಿರು ಅಂಗಿ ಹಾಕಿದ್ದ. ಒಂದು ಸುತ್ತು ಬಂದ, ಬೆಂಚುಗಳ ಕಡೆ ಒಂದೇ ಸಲ ನೋಡಿದ, ಮತ್ತೆ ತಲೆ ಎತ್ತಲಿಲ್ಲ.

"ನಮ್ಮ ಹುಡುಗ ಯಾವುದು?" ಅಜ್ಜಿ ಕಣ್ಣು ಕಿರಿದು ಮಾಡಿಕೊಂಡು ಕೇಳಿದಳು.

"ಹಸಿರಂಗಿ."

"ಎಲ್ಲ ಮಸುಕು ಮಸುಕು ಕಾಣ್ತದೆ." ಅವಳ ನೋಟ ಐಸಿನಿಂದ ಸರಿದು ಹತ್ತಿರದ ಬೆಂಚುಗಳ ಮೇಲೆ ನಿಂತಿತು. ಅವು ಅವಳಿಗೆ ಚೆನ್ನಾಗಿಯೇ ಕಾಣುತ್ತಿದ್ದವು. "ತೊಯೊಮಿ, ಜನ ಎಲ್ಲವ್ರೆ?"

"ಬರ್ತಾರೆ ಅಜ್ಜಿ."

"ಯಾವಾಗ?"

ನಾನು ಅವಳ ಕೋಟಿನ ಕಾಲರು ಸರಿಮಾಡಿದೆ.

"ಇವೆಲ್ಲ ಯಾರ ಕಂಬಳಿ?"

"ನೋಡೋಕೆ ಬಂದವರದು."

"ಕಂಬಳಿ ಕುಂಡ್ರಿಸಿ ಅವರೆಲ್ಲೋದ್ರು?"

"ಊಟಕ್ಕೆ ಹೋಗಿದಾರೆ."

ಅಜ್ಜಿ ಆ ಕಂಬಳಿಗಳನ್ನು ಸಾಲಿನುದ್ದಕ್ಕೂ ನೋಡಿದಳು. ಅವಳ ಮುಖದಲ್ಲಿ ಏನೋ ಒಂದು ನಿಧಾನವಾಗಿ ಇಳಿದು ಕೂತಿತು. ಎಷ್ಟು ವರ್ಷದ ಎಷ್ಟು ಫೋನುಗಳು ಅವಳ ಕಿವಿಯಲ್ಲಿ ಆಗ ತಿರುಗಿದವೋ. ಕಡೆಗೆ ಹೇಳಿದಳು, "ದಿನಾ ಹಿಂಗೇನಾ?"

ನಾನು ಐಸಿನ ಕಡೆ ಮುಖ ತಿರುಗಿಸಿದೆ.

"ನಮ್ಮ ಮಾರ್ಕೆಟ್ನಾಗೆ ಬುಟ್ಟಿ ಮಡಗಿ ಮನೆಗೋದ್ರೆ ಆ ಜಾಗ ಅವತ್ತಿಗೆ ಹೋಯ್ತು ಅಂತಾರೆ," ಅಂದಳು. ದೂರು ಹೇಳಿದ್ದಲ್ಲ, ಸುಮ್ಮನೆ ಹೇಳಿದ್ದು. ಹೇಳಿ ಗೋಡೆಗೆ ಒರಗಿದಳು.

ನನ್ನ ಪಿತ್ತ ನೆತ್ತಿಗೇರಿತು. ಇಳಿದು ಹೋಗಿ ಮುಂದಿನ ಸಾಲಿನ ನಡುವೆ ನಿಂತೆ. ಮೊದಲು ಟೀಚರ್ ಕಂಬಳಿಯನ್ನೇ ಎತ್ತಿದೆ. ಐಸಿನಷ್ಟೇ ತಣ್ಣಗಿತ್ತು. ಅಂಚಿಗೆ ಅಂಚು ಕೂಡಿಸಿ ಮಡಚಿದೆ, ಕೋಪ ಬಂದಿದೆ ಅಂತ ಬೇರೆಯವರದನ್ನು ಮುದ್ದೆ ಮಾಡುವ ಜಾತಿ ನನ್ನದಲ್ಲ. ಆಮೇಲೆ ಅದರ ಪಕ್ಕದ್ದು, ಸೆಂದಾಯ್ ಗೆಳತಿಯರವು, ತಿಳಿನೀಲಿಯವು, ಮೊಲದವು. ಒಂದೊಂದನ್ನೇ ಮಡಚಿ ಮೂಲೆಯಲ್ಲಿ ಒಟ್ಟಿದೆ. ಒಂದೂ ಬೆಚ್ಚಗಿರಲಿಲ್ಲ.

ತೋಳುಪಟ್ಟಿಯವನು ಓಡೋಡಿ ಬಂದ. "ಅಮ್ಮ, ಅಮ್ಮ, ಅದು ಬೇರೆಯವರ ಸಾಮಾನು."

"ಗೋಡೆ ಮೇಲೆ ಏನು ಬರೆದಿದೆ ಓದಿ."

ಅವನು ತಿರುಗಿ ಓದಿದ. ಪಾಪ, ಪೂರ್ತಿ ಓದಿದ. "ಬರೆದಿರೋದು ಹೌದಮ್ಮ. ಆದ್ರೆ ಯಾವಾಗ್ಲೂ ನಡ್ಕೊಂಡು ಬಂದಿರೋದು ಹೀಗೆ."

"ಇವತ್ತು ಬರೆದ ಹಾಗೆ ನಡೀಲಿ. ಯಾರಾದ್ರೂ ಕೇಳಿದ್ರೆ ಸವಾಗುಚಿ ತೊಯೊಮಿ ಮಾಡಿದ್ಲು ಅನ್ನಿ. ಹಾಚಿನೊಹೆ ಸೆಂಬೆ ಅಂಗಡಿ. ಅಲ್ಲಿಗೇ ಬಂದು ಬೈಲಿ."

ಅಜ್ಜಿಯನ್ನು ಕೈಹಿಡಿದು ತಂದು ನಟ್ಟನಡುವೆ, ಐಸಿನ ಅಂಚಿಗೇ ಕೂರಿಸಿದೆ. ಆಮೇಲೆ ಮೇಲೆ ತಿರುಗಿ, ಗೋಡೆಗೆ ಒರಗಿದ್ದ ತಾಯಂದಿರನ್ನು ಕರೆದೆ. "ಬನ್ನಿ, ಜಾಗ ಇದೆ. ನಿಮ್ಮ ಮಕ್ಕಳು ಆಡೋದನ್ನ ನೀವು ನಿಂತು ನೋಡ್ತೀರಾ?"

ಯಾರೂ ಅಲುಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು, ನೆಲ ನೋಡಿದರು. ಇದು ನನಗೆ ಟೀಚರ್ ಮೇಲಿನದಕ್ಕಿಂತ ಹೆಚ್ಚು ಕೋಪ ತರಿಸಿತು. ಅಷ್ಟು ದೂರದಿಂದ ಬಂದು, ಕಂಬಳಿಗೆ ಹೆದರಿ ನಿಂತಿದ್ದಾರೆ. ಕಡೆಗೆ ಒಬ್ಬಳು, ಮೂರನೆಯದಾಗಿ ಆಡುವ ಹುಡುಗನ ತಾಯಿಯಂತೆ, ದಿಂಬು ಎದೆಗವಚಿಕೊಂಡು ಇಳಿದು ಬಂದಳು. ಎರಡನೇ ಸಾಲಿನ ಒಂದು ಕಂಬಳಿಗೆ ಬಾಗಿ, "ಕ್ಷಮಿಸಿ," ಅಂದಳು. ಕಂಬಳಿಗೆ. ಅದನ್ನು ಮಡಚಿ ಪಕ್ಕಕ್ಕಿಟ್ಟು ಕೂತಳು. ಅವಳ ಹಿಂದೆ ಇನ್ನೊಬ್ಬಳು, ಆಮೇಲೆ ಗಂಡ ಹೆಂಡತಿ, ಆಮೇಲೆ ಉಳಿದವರು. ಎಲ್ಲರೂ ಕಂಬಳಿಗಳಿಗೆ ಕ್ಷಮೆ ಕೇಳುತ್ತಲೇ ಕೂತರು. ಬಹಳ ಜನವೇನಲ್ಲ. ಆದರೆ ಅಜ್ಜಿಯ ಹಿಂದೆ, ಅಕ್ಕಪಕ್ಕ ಉಸಿರಾಡುವ ಮನುಷ್ಯರು ಇದ್ದರು.

ಉಳಿದ ಹುಡುಗರು ಐಸಿನಿಂದ ಹೊರಗೆ ಹೋದರು. ತೊಕಿಯನ ಹೆಸರು ಕರೆದರು. ಅವನು ನಡುವೆ ಬಂದು ನಿಂತು, ತಲೆ ತಗ್ಗಿಸಿ, ಎರಡೂ ಕೈ ಎದೆಯ ಹತ್ತಿರ ಹಿಡಿದ. ಹೆಸರು ಕೂಗುವ ಹೊತ್ತು ಅದೇ. ರಾಜಕುಮಾರ ಅಲ್ಲಿ ನಿಂತರೆ ಸೂರು ಹಾರಿಹೋಗುವಷ್ಟು ಕೂಗುತ್ತಾರೆ. ಈಗ ಐಸನ್ನು ತಣ್ಣಗಿಡುವ ಯಂತ್ರದ ಗುಂಯ್ ಎನ್ನುವ ಸದ್ದು ಮಾತ್ರ ಇತ್ತು. ನಾನು ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ ಅಜ್ಜಿಯ ದನಿ ಎದ್ದಿತು.

"ತೊಕಿಯಾ! ಇಲ್ಲೇ ಕುಂತಿವ್ನಿ ಕಣಪ್ಪಾ!"

ಅಲೆಯ ಸದ್ದನ್ನೂ ಹಡಗಿನ ಸದ್ದನ್ನೂ ಮೀರಿ ಬಂಗಡೆ ಮಾರಿದ ಗಂಟಲು ಅದು. ತೋಳುಪಟ್ಟಿಯವನು ಬೆಚ್ಚಿಬಿದ್ದ. ಅಂಕ ಕೊಡುವವರು ತಲೆ ಎತ್ತಿದರು. ತೊಕಿಯ ನಿಂತ ಭಂಗಿ ಕೆಡಿಸಲಿಲ್ಲ, ಆದರೆ ಮುಖ ನಮ್ಮ ಕಡೆ ತಿರುಗಿತು. ಅವನ ಭುಜಗಳು ಒಂದು ಸಲ ಅಲುಗಿದವು. ನಕ್ಕನೋ ಅತ್ತನೋ ನನಗೆ ತಿಳಿಯಲಿಲ್ಲ. ಆಗ ಹಿಂದಿನ ಸಾಲಿನ ತಾಯಿಯೊಬ್ಬಳು, "ತೊಕಿಯ, ಆಡಪ್ಪಾ," ಎಂದು ಕೂಗಿದಳು. ಅವಳಿಗೆ ಅವನು ಯಾರೆಂದೂ ಗೊತ್ತಿರಲಿಲ್ಲ. ಅವಳ ಹಿಂದೆ ಉಳಿದವರೂ ಕೂಗಿದರು. ಸಂಗೀತ ಶುರುವಾಯಿತು.

ಮೊದಲ ನೆಗೆತದಲ್ಲೇ ಬಿದ್ದ.

"ಬಿದ್ದ," ಅಂದಳು ಅಜ್ಜಿ. ಅಷ್ಟು ಹತ್ತಿರದಿಂದ ಅವಳಿಗೂ ಕಂಡಿತ್ತು. ಆಮೇಲೆ ಹೇಳಿಕೊಟ್ಟ ಪಾಠ ನೆನಪಾಗಿ, ಬಿರುಕುಬಿಟ್ಟ ಅಂಗೈಗಳಿಂದ ಚಪ್ಪಾಳೆ ತಟ್ಟತೊಡಗಿದಳು. ತಟ್ಟುತ್ತಲೇ ಇದ್ದಳು. ಅವನು ಎದ್ದು ಆಟ ಮುಂದುವರಿಸಿದ್ದು ಚೆನ್ನಾಗಿತ್ತು. ಎರಡನೆಯ ನೆಗೆತ ನಿಂತಿತು, ಮೂರನೆಯದು ಅಲುಗಾಡಿ ನಿಂತಿತು. ಆಮೇಲೆ ಅವನು ನೆಗೆಯುವುದನ್ನು ಬಿಟ್ಟು ಉದ್ದಕ್ಕೆ, ಬಾಗಿ, ಒಂದೇ ಕಾಲಿನ ಮೇಲೆ ನಮ್ಮ ಮುಂದೆ ಹಾದುಹೋದ. ಅಲಗು ಐಸನ್ನು ಕೊರೆಯುವ ಸದ್ದು ಕಿವಿಗೇ ಬಂತು. ಗಾಳಿ ಅಜ್ಜಿಯ ಬಾಚಿದ ಕೂದಲನ್ನು ಎತ್ತಿತು. ಪದಕ ಗೆಲ್ಲದವನು ಹೀಗೂ ಜಾರುತ್ತಾನೆ ಎಂದು ಸೋಬಾ ತಿನ್ನುವವರಿಗೆ ಹೇಗೆ ಗೊತ್ತಾಗಬೇಕು. ಮುಗಿದಾಗ ಆ ಕೆಲವೇ ಜನ ಎದ್ದು ನಿಂತರು. ಅಜ್ಜಿ ಏಳಲಿಲ್ಲ. ನನ್ನ ಮಣಿಕಟ್ಟು ಹಿಡಿದಿದ್ದಳು, ಬಿಡುವಂತಿರಲಿಲ್ಲ.

ಟೀಚರ್ ಮತ್ತು ಗುಂಪು ಬಂದದ್ದು ಐದನೆಯ ಹುಡುಗ ಮುಗಿಸಿದ ಮೇಲೆ. ಟೀಚರ್ ಕೈಯಲ್ಲಿ ನಮಗೆಂದು ತಂದ ಪೊಟ್ಟಣ. ಮೂಲೆಯ ಕಂಬಳಿ ರಾಶಿ ನೋಡಿ ಕೆಂಪಾದರು.

"ಯಾರು ಇದನ್ನ ಮುಟ್ಟಿದ್ದು?"

"ನಾನು."

"ನೀನಾ? ಇಷ್ಟು ವರ್ಷ ನನ್ನ ಜೊತೆ ಬಂದು ಕಲಿತದ್ದು ಇದಾ? ನನ್ನ ಗೆಳತಿಯರ ಮುಂದೆ ನನ್ನ ಮಾನ ಏನಾಗ್ಬೇಕು? ಒಂದು ರೀತಿ ರಿವಾಜು ಅಂತ ಇಲ್ವಾ?"

"ರಿವಾಜು," ಅಂದೆ. ನನ್ನ ದನಿ ಏರಿತು, ಏರಲಿ ಎಂದೇ ಬಿಟ್ಟೆ. "ಕೈ ಹಿಡಿದು ಕಣ್ಣೀರು ಹಾಕಿ ಮಾತು ಕೊಟ್ಟು, ಆಮೇಲೆ ಎಂಬತ್ನಾಲ್ಕು ವರ್ಷದ ಮುದುಕಿ ಕಂಬಳೀನ ಕಂಬದ ಹಿಂದಕ್ಕೆ ಎಸೆಯೋದು ಯಾವ ರಿವಾಜು ಟೀಚರ್? ಮಕ್ಕಳಿಗೂ ಹೀಗೇ ಪಾಠ ಮಾಡಿದ್ರಾ, ಕಡೇ ಬೆಂಚಿನವರು ಎದ್ದು ಉತ್ತರ ಹೇಳ್ವಾಗ ಹೊರಗೆ ಊಟಕ್ಕೆ ಹೋಗ್ತಿದ್ರಾ?"

ನನಗೆ ಇನ್ನೂ ಬೇಕಾದಷ್ಟು ಹೇಳುವುದಿತ್ತು. ಅಷ್ಟರಲ್ಲಿ ಅಜ್ಜಿ ನನ್ನ ಭುಜ ಹಿಡಿದು ಎದ್ದಳು, ಬೆಂಚನ್ನು ಅಂಗೈಯಿಂದ ಒರೆಸಿದಳು.

"ತಗಳವ್ವ, ಕುಂತ್ಕೊ," ಅಂದಳು ಟೀಚರ್‌ಗೆ. "ಬೆಚ್ಚಗೆ ಮಾಡಿ ಮಡಗಿವ್ನಿ."

ಅದರಲ್ಲಿ ಚುಚ್ಚು ಇತ್ತೋ ಇಲ್ಲವೋ ದೇವರಿಗೇ ಗೊತ್ತು. ಟೀಚರ್ ಆ ಜಾಗದ ಮುಂದೆ ಪೊಟ್ಟಣ ಹಿಡಿದು ನಿಂತೇ ಇದ್ದರು. ನಾವು ಬಾಗಿಲು ದಾಟಿ ತಿರುಗಿ ನೋಡಿದಾಗಲೂ ಕೂತಿರಲಿಲ್ಲ. ರಾಜಕುಮಾರ ಬರುವ ಹೊತ್ತಿಗೆ ಕೂತಿರುತ್ತಾರೆ ಬಿಡಿ, ನನಗೆ ಗೊತ್ತು. ನನ್ನ ಕೋಪ ಇನ್ನೂ ಇಳಿದಿಲ್ಲ.

ಹೊರಗೆ ಹಜಾರದಲ್ಲಿ, ಬಿಸಿ ಪಾನೀಯದ ಯಂತ್ರದ ಪಕ್ಕದಲ್ಲಿ ತೊಕಿಯ ಕಾಯುತ್ತಿದ್ದ. ಹಸಿರಂಗಿಯ ಮೇಲೆ ಜಾಕೆಟ್ಟು, ಬೆವರಿಗೆ ಹಣೆಗಂಟಿದ ಕೂದಲು. ಅವನು ಅಜ್ಜಿಯ ಮುಖ ನೋಡಲಿಲ್ಲ, ಅವಳ ರಬ್ಬರ್ ಬೂಟುಗಳನ್ನು ನೋಡುತ್ತ ನಿಂತಿದ್ದ. ಇಷ್ಟು ವರ್ಷದ ಸುಳ್ಳು ಹೊರಬಿದ್ದ ಹುಡುಗ ಹೇಗೆ ನಿಲ್ಲುತ್ತಾನೋ ಹಾಗೆ.

"ಅಜ್ಜಿ," ಅಂದ. "ಅಲ್ಲಿ... ಜನ..."

ಅಜ್ಜಿ ಬೊಂಡಾಸಿನ ಪೊಟ್ಟಣವನ್ನು ಅವನ ಕೈಯಲ್ಲಿಟ್ಟಳು. ಆಮೇಲೆ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿದಳು.

"ಏನ್ ಜನ ಕಣಪ್ಪ," ಅಂದಳು. "ಕುಂತ್ಕಳಾಕೆ ಜಾಗಾನೇ ಇರ್ಲಿಲ್ಲ. ಈ ತೊಯೊಮಿ ಜಗಳ ಆಡಿ ನಂಗೊಂದು ಕೊಡಿಸಿದ್ಲು."

ಅವನು ತಲೆ ಎತ್ತಿ ನನ್ನನ್ನು ನೋಡಿದ.

"ಹೌದು ಕಣೋ," ಅಂದೆ. "ಒಂದೇ ಒಂದು ಜಾಗ ಖಾಲಿ ಇರ್ಲಿಲ್ಲ."